ಖಂಡೇ ಪೂಜೆಗೆ ಕೂತ ಬ್ಯಾಟುಗಳು

ಫಕೀರಪ್ಪನವರ ಒಂದು ಗುಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾರು ಏನು ತೋರಿಸಿದರೂ ‘ಇದೇ ಬೆಸ್ಟ್’ ಅಂದುಬಿಡುತ್ತಾರೆ. ಅದು ಸುಳ್ಳಲ್ಲ, ಮರ್ಯಾದೆ. ನೀವು ನಿಮ್ಮ ಹೊಸ ಕುಕ್ಕರ್ ತೋರಿಸಿದರೆ ಇಂಥ ಕುಕ್ಕರ್ ಹಿಂದೆ ಬಂದಿಲ್ಲ, ಮುಂದೆ ಬರುವುದೂ ಇಲ್ಲ ಅನ್ನುತ್ತಾರೆ. ಪಕ್ಕದ ಮನೆಯವರು ಬೇರೆ ಕಂಪನಿಯ ಕುಕ್ಕರ್ ತೋರಿಸಿದರೆ ಅದಕ್ಕೂ ಅದೇ ಸರ್ಟಿಫಿಕೇಟು. ಕುಕ್ಕರುಗಳು ಒಂದನ್ನೊಂದು ಭೇಟಿಯಾಗುವ ಪದ್ಧತಿ ಇಲ್ಲವಾದ್ದರಿಂದ ಇಷ್ಟು ವರ್ಷ ಏನೂ ತೊಂದರೆಯಾಗಿರಲಿಲ್ಲ.

ಊರು ರಾಣೆಬೆನ್ನೂರು. ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ, ವಿದ್ಯಾರಣ್ಯಪುರದಲ್ಲಿ ಮನೆ. ಡಾಕ್ಟರು ಹೊಟ್ಟೆಯ ಕಡೆ ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟಂದಿನಿಂದ ಬೆಳಿಗ್ಗೆ ಪಾರ್ಕಿನಲ್ಲಿ ಸುತ್ತುತ್ತಿದ್ದರು. ಪಾರ್ಕಿನ ಮೂಲೆಯಲ್ಲಿ ಸಿಮೆಂಟಿನ ಶಟಲ್ ಕೋರ್ಟು. ಅಲ್ಲಿ ನಾಲ್ಕು ಜನ ಆಡುತ್ತಿದ್ದರು. ನಾಲ್ಕನೆಯವರಿಗೆ ತುಮಕೂರಿಗೆ ವರ್ಗವಾಯಿತು. ಉಳಿದ ಮೂವರು ಬಲೆಯ ಎರಡೂ ಕಡೆ ಸಮವಾಗಿ ನಿಲ್ಲಲಾರದೆ ಪೇಚಾಡುತ್ತಿದ್ದಾಗ ಫಕೀರಪ್ಪನವರು ನಡಿಗೆ ನಿಧಾನ ಮಾಡಿದರು.

“ಆಡ್ತೀರಾ ಸಾರ್?” ಅಂದರು ಗಜಾಲಾ ಮೇಡಂ. ಆರ್.ಟಿ. ನಗರದ ಕಾಲೇಜೊಂದರಲ್ಲಿ ಫಿಸಿಕ್ಸ್ ಲೆಕ್ಚರರ್. ಗುಂಪಿಗೆ ಯಾರೂ ಆರಿಸದ ಕ್ಯಾಪ್ಟನ್.

“ಕಾಲೇಜಿನಾಗ ಆಡ್ತಿದ್ದೆ ಮೇಡಂ. ಜಿಲ್ಲಾ ಮಟ್ಟ.”

ಜಿಲ್ಲಾ ಮಟ್ಟಕ್ಕೆ ಹೋಗಿದ್ದು ಸತ್ಯ. ತಂಡದ ಜೊತೆ ಹಾವೇರಿಗೆ ಬಸ್ಸಿನಲ್ಲಿ ಹೋಗಿದ್ದರು, ಊಟ ಮಾಡಿದ್ದರು, ಬಸ್ಸಿನಲ್ಲೇ ಬಂದಿದ್ದರು. ಆಡುವುದೊಂದು ಬಾಕಿ ಉಳಿದಿತ್ತು.

“ಸರಿ ಗುರು!” ಅಂದರು ಆನಂದಪ್ಪನವರು. ಅವರು ಇಲ್ಲಿಯ ಮೂಲ ನಿವಾಸಿ. ಅವರ ಅಪ್ಪ ರಾಗಿ ಬೆಳೆದ ಹೊಲದ ಮೇಲೆಯೇ ಈ ಕೋರ್ಟು ಇದೆ ಎಂದು ಅವರೂ ಹೇಳುತ್ತಾರೆ, ಅವರ ಸ್ಮ್ಯಾಶೂ ಹೇಳುತ್ತದೆ. “ವಿಜಯದಶಮಿ ದಿನ ಯಲಹಂಕದವ್ರು ಮ್ಯಾಚಿಗೆ ಬರ್ತಾವ್ರೆ. ನಿಮ್ದೇ ಬ್ಯಾಟ್ ತಗೊಂಡ್ ಬನ್ನಿ, ನೀವೇ ನಾಲ್ಕನೇಯವ್ರು.”

“ತರದಿದ್ರೆ ನಮ್ಮ ಷಡ್ಡಕರಿದ್ದಾರೆ,” ಅಂದರು ಬ್ಯಾಂಕಿನ ಶಿವರಾಮ್. “ಹೆಬ್ಬಾಳದಲ್ಲಿರೋದು. ಸ್ವಂತ ಬ್ಯಾಟಿದೆ, ಶೂ ಇದೆ, ಹಣೆಗೆ ಕಟ್ಕೊಳ್ಳೋ ಪಟ್ಟೀನೂ ಇದೆ.”

ಹಣೆಪಟ್ಟಿಯ ಮನುಷ್ಯನನ್ನು ನೋಡದೆಯೇ ಫಕೀರಪ್ಪನವರಿಗೆ ಅವರ ಮೇಲೆ ಸಿಟ್ಟು ಬಂತು. ಅಂದೇ ಸಂಜೆ ಯಲಹಂಕ ನ್ಯೂ ಟೌನಿನ ಅಂಗಡಿಗೆ ಹೋದರು. ಹೆಂಡತಿ ಪ್ರತಿಭಾ ‘ಎರಡು ಸಾವಿರದ ಒಳಗ’ ಎಂದು ಗೆರೆ ಎಳೆದು ಕಳಿಸಿದ್ದರು.

ಅವರ ಕಾಲದಲ್ಲಿ ಬ್ಯಾಟು ಕೊಳ್ಳುವುದು ಸರಳವಿತ್ತು. ಅಂಗೈಯಿಂದ ದಾರಕ್ಕೆ ತಟ್ಟುವುದು, ‘ಟಣ್’ ಅಂದರೆ ಕೊಳ್ಳುವುದು. ಫಕೀರಪ್ಪನವರು ಸಾಲಾಗಿ ತಟ್ಟುತ್ತಾ ಹೋದರು. ಎಲ್ಲವೂ ‘ಟಣ್’ ಅಂದವು.

“ನಿಮ್ಮ ಆಟ ಅಟ್ಯಾಕಾ ಸಾರ್, ಡಿಫೆನ್ಸಾ?” ಅಂದ ಅಂಗಡಿಯವನು.

“ಎರಡೂ ಸ್ವಲ್ಪ ಸ್ವಲ್ಪ.”

“ತಲೆ ಕಡೆ ತೂಕ ಇರೋದು ಕೊಡ್ಲಾ? ಏಟು ಜೋರಾಗ್ ಬೀಳುತ್ತೆ. ಹಿಡಿ ಕಡೆ ತೂಕ ಇದ್ರೆ ಕೈ ಬೇಗ ಓಡುತ್ತೆ. ತ್ರೀ ಯೂ ಬೇಕಾ, ಫೋರ್ ಯೂ ಬೇಕಾ?”

“ದೊಡ್ಡದು ಯಾವುದು?”

“ನಂಬರ್ ದೊಡ್ದಾದ್ರೆ ತೂಕ ಕಮ್ಮಿ ಸಾರ್.”

ಸ್ಟೋರ್ಸಿನಲ್ಲಿ ಇಷ್ಟು ವರ್ಷ ದೊಡ್ಡ ನಂಬರೆಂದರೆ ದೊಡ್ಡ ನಟ್ಟು ಎಂದು ನಂಬಿ ಸಂಸಾರ ಸಾಗಿಸಿದ ಮನುಷ್ಯನಿಗೆ ಕಾಲ ಕೆಳಗಿನ ನೆಲ ಸ್ವಲ್ಪ ಸರಿಯಿತು.

“ಗಟ್ಟಿಂಗ್ ದಾರ ಎಷ್ಟು ಪೌಂಡ್ ಬಿಗಿಗೆ ಎಳೀಲಿ?”

ಹುಟ್ಟುಹಬ್ಬದ ಕೇಕನ್ನು ಬಿಟ್ಟರೆ ಫಕೀರಪ್ಪನವರು ಜೀವನದಲ್ಲಿ ಏನನ್ನೂ ಪೌಂಡಿನ ಲೆಕ್ಕದಲ್ಲಿ ಕೊಂಡವರಲ್ಲ. “ಒಂದು ಪೌಂಡ್ ಸಾಕಲ್ಲ?” ಅಂದರು.

ಅಂಗಡಿಯವನು ಬ್ಯಾಟನ್ನು ಮತ್ತೆ ಮೊಳೆಗೆ ನೇತುಹಾಕಿದ. “ಸಾರ್, ಒಂದ್ ಕೆಲ್ಸ ಮಾಡಿ. ನಿಮ್ ಜೊತೆ ಆಡೋರ ಬ್ಯಾಟಲ್ಲಿ ಒಂದೊಂದ್ಸಲ ಆಡಿ ನೋಡ್ಬಿಟ್ಟು ಬನ್ನಿ.”

ಒಳ್ಳೆಯ ಸಲಹೆ. ಜಗತ್ತಿನಲ್ಲಿ ಅರ್ಧಕ್ಕರ್ಧ ಅನಾಹುತಗಳಾಗುವುದು ಒಳ್ಳೆಯ ಸಲಹೆಗಳಿಂದಲೇ.

ಮರುದಿನ ಬೆಳಿಗ್ಗೆ ಆಟ ಮುಗಿದ ಮೇಲೆ ಫಕೀರಪ್ಪನವರು ಮೂವರನ್ನೂ ಪ್ರತ್ಯೇಕವಾಗಿ ಹಿಡಿದರು. ಆನಂದಪ್ಪನವರು ಬೈಕಿನ ಹತ್ತಿರ ಸಿಕ್ಕರು. “ತಗೋ ಗುರು, ತೂಕ ನೋಡು! ಇದು ಬ್ಯಾಟಲ್ಲ, ಕೊಡಲಿ. ನಾಳೆ ನಮ್ ಮನೇಲಿ ಗಾಡಿಗಳ ಪೂಜೆ, ನಾನಂತೂ ಆಡಲ್ಲ. ನಾಡಿದ್ದು ಮ್ಯಾಚಿಗೆ ತಂದ್ಕೊಡು, ಸಾಕು.”

“ಇದರ ಮುಂದೆ ಯಾವುದೂ ಇಲ್ಲ ಬಿಡ್ರಿ,” ಅಂದರು ಫಕೀರಪ್ಪ. “ನಾನೂ ಇದನ್ನ ತಗೊಳ್ಳಾವ.”

ಶಿವರಾಮ್ ಸಿಕ್ಕಿದ್ದು ಹಾಲಿನ ಬೂತಿನ ಬಳಿ. ಅವರು ಮೊಬೈಲಿನಲ್ಲಿ ಮೂರು ವಿಡಿಯೋ ತೋರಿಸಿದ ಮೇಲೆಯೇ ಬ್ಯಾಟು ಕೊಟ್ಟರು. “ಹೆವಿ ಬ್ಯಾಟು ಭುಜಕ್ಕೆ ವಿಷ ಸಾರ್. ಇದು ಪಕ್ಕಾ ಬ್ಯಾಲೆನ್ಸು.”

“ಬ್ಯಾಟ್ ಅಂದ್ರ ಇದ ನೋಡ್ರಿ. ನಾನೂ ಇದನ್ನ ತಗೊಳ್ಳಾವ.”

ಗಜಾಲಾ ಮೇಡಂ ತಮ್ಮ ಮನೆಯ ಗೇಟಿನಲ್ಲೇ ಕೊಟ್ಟರು. ಅದು ಎಷ್ಟು ಹಗುರವೆಂದರೆ ಫಕೀರಪ್ಪನವರು ದಾರಿಯಲ್ಲಿ ಎರಡು ಸಲ ‘ಎಲ್ಲಿ ಬಿಟ್ಟೆ’ ಎಂದು ಗಾಬರಿಯಾಗಿ ನೋಡಿಕೊಂಡರು. ಅದಕ್ಕೂ ಸರ್ಟಿಫಿಕೇಟು ಆಗಿತ್ತು.

ಸಂಜೆ ಮನೆಯ ಟೆರೇಸಿನ ಮೇಲೆ ಮೂರನ್ನೂ ಪರೀಕ್ಷಿಸಿದರು. ಆನಂದಪ್ಪನವರದನ್ನು ಬೀಸಿದಾಗ ಬ್ಯಾಟು ನಿಂತಿತು, ಫಕೀರಪ್ಪ ತಿರುಗಿದರು. ಶಿವರಾಮ್ ಅವರದರಲ್ಲಿ ಹೊಡೆದ ಶಟಲ್ ಕಾಕು ಎದುರುಮನೆಯ ಮುನಿಕೃಷ್ಣಮ್ಮನವರ ನೀರಿನ ಸಂಪಿನೊಳಗೆ ಬಿತ್ತು. ಮೇಡಂ ಅವರದರಲ್ಲಿ ಹೊಡೆದದ್ದು ಎಲ್ಲಿ ಹೋಯಿತೋ ಇನ್ನೂ ಸಿಕ್ಕಿಲ್ಲ. ಯಾವುದು ಒಳ್ಳೆಯದೆಂಬ ಪ್ರಶ್ನೆಗೆ ಮೊದಲು ಉತ್ತರವಿರಲಿಲ್ಲ, ಈಗ ಮೂರು ಉತ್ತರ ಸೇರಿಕೊಂಡವು. ಬ್ಯಾಟುಗಳನ್ನು ಸೋಫಾದ ಮೇಲೆ ಹಾಕಿ ಮಲಗಿದರು.

ಮರುದಿನ ಮಹಾನವಮಿ. ಕಾರ್ಖಾನೆಯಲ್ಲಿ ಲೇತು ಮಷೀನುಗಳಿಗೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಪುರಿ–ಬೂಂದಿ ಪೊಟ್ಟಣ ಹಿಡಿದು ಫಕೀರಪ್ಪನವರು ಮಧ್ಯಾಹ್ನ ಮನೆಗೆ ಬಂದರೆ, ಮನೆ ತುಂಬ ಧೂಪ. ದಸರೆಗೆಂದು ಊರಿನಿಂದ ಬಂದಿದ್ದ ಅತ್ತೆ ಶರಣವ್ವನವರು ದೇವರ ಮುಂದೆ ಖಂಡೇ ಪೂಜೆ ಮುಗಿಸಿದ್ದರು. ಮಣೆಯ ಮೇಲೆ ಈಳಿಗೆ, ಕತ್ತರಿ, ಸ್ಕೂಟರಿನ ಕೀಲಿ, ಪ್ರತಿಭಾ ಅವರ ಮಿಕ್ಸಿ ಜಾರು. ಅವುಗಳ ಹಿಂದೆ, ರಾಜಪರಿವಾರದ ಹಿಂದೆ ನಿಂತ ಆನೆಗಳ ಹಾಗೆ, ಮೂರು ಬ್ಯಾಟುಗಳು. ದಾರಕ್ಕೆ ಅರಿಶಿನ, ಅದರ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಹಿಡಿಗೆ ಚೆಂಡುಹೂವು.

“ಅತ್ತಿ!” ಅಂದರು ಫಕೀರಪ್ಪ.

“ಬರ್ರಿ ಅಳಿಯಂದ್ರ, ಕೈಕಾಲು ತೊಳಕೊಂಡು ಅಡ್ಡಬೀಳ್ರಿ. ಆಯುಧಾನ ಸೋಫಾದ ಮ್ಯಾಲೆ ಹಂಗ ಒಗೀತಾರೇನು? ಕಾಲಿಗೆ ತಾಕ್ತಾವ. ನಾನ ಎತ್ತಿ ಪೂಜಾಕ ಕುಂದರಿಸೇನಿ.”

“ಇವನ್ನ ಯಾವಾಗ ತಗೀಬಹುದು?”

“ನಾಳೆ ಬನ್ನಿ ಕೊಟ್ಟು ತಗೊಂಡ ಮ್ಯಾಲೆ. ಅಲ್ಲೀತನಕ ಮುಟ್ಟಂಗಿಲ್ಲ. ನಮ್ಮ ಮಾವನವರು ಕುಡುಗೋಲು ಪೂಜಾಕ ಕೂತದಂತ ಜ್ವಾಳಾನ ಒಂದಿನ ನಿಂದರಿಸಿದವರು.”

ಬನ್ನಿ ಕೊಡುವುದು ಸಂಜೆಗೆ. ಮ್ಯಾಚು ಬೆಳಿಗ್ಗೆ ಹತ್ತಕ್ಕೆ.

ಅಡುಗೆಮನೆಯಲ್ಲಿ ಪ್ರತಿಭಾ ಹೋಳಿಗೆ ಲಟ್ಟಿಸುತ್ತಿದ್ದರು. ಲಟ್ಟಣಿಗೆಯ ಸದ್ದಿನಲ್ಲೇ ಸಿಟ್ಟು ಗೊತ್ತಾಗುತ್ತಿತ್ತು. “ಒಂದ ಬ್ಯಾಟು ತರ್ತೀನಿ ಅಂದೋರು ಮೂರು ತಂದೀರಲ್ರೀ? ಎರಡು ಸಾವಿರ ಅಂದ್ರ ಒಂದೊಂದಕ್ಕ ಎರಡು ಸಾವಿರ ಅಂತ ತಿಳಕೊಂಡ್ರೇನು?”

“ಅವು ನನ್ನವಲ್ಲ ಮಾರಾಯ್ತಿ! ಮಂದೀವು! ನೋಡಿ ಕೊಡ್ತೀನಿ ಅಂತ ಇಸಗೊಂಡು ಬಂದೇನಿ!”

ಲಟ್ಟಣಿಗೆ ನಿಂತಿತು. “ಹಂಗಂತ ಅವ್ವಗ ಹೇಳಬ್ಯಾಡ್ರಿ. ಮೂರು ಬ್ಯಾಟು ಯಾಕ ಅಂತ ಬೆಳಿಗ್ಗೆ ಕೇಳಿದ್ಲು. ನಾನೂ ಸಿಟ್ಟಿನಾಗ, ‘ನಿನ್ನ ಅಳಿಯ ಮಂದಿಗೆ ಆಟ ಕಲಸೋ ಸಾಲಿ ತಗೀತಾನ’ ಅಂದೆ. ಆಗಲೇ ರಾಣೆಬೆನ್ನೂರಿಗೆಲ್ಲಾ ಫೋನ್ ಮಾಡಿ ಮುಗಿಸ್ಯಾಳ.”

ಶರಣವ್ವನವರು ರಾಣೆಬೆನ್ನೂರಿಗಷ್ಟೇ ನಿಲ್ಲಿಸಿದ್ದರೆ ಈ ಕಥೆಯೂ ಇಲ್ಲಿಗೇ ನಿಲ್ಲುತ್ತಿತ್ತು. ಆದರೆ ಅವರು ಸಂಪಿನಲ್ಲಿ ಬಿದ್ದ ಕಾಕನ್ನು ವಾಪಸು ಕೊಡಲು ಬಂದ ಮುನಿಕೃಷ್ಣಮ್ಮನವರಿಗೂ ಹೇಳಿದ್ದರು. ಸಂಜೆ ಐದಕ್ಕೆ ಮುನಿಕೃಷ್ಣಮ್ಮ ಗಂಡನನ್ನು ಕೈಹಿಡಿದು ಕರೆದುಕೊಂಡು ಬಂದರು.

“ಫಕೀರಪ್ನೋರೇ, ನಮ್ ಯಜಮಾನ್ರಿಗೆ ಶುಗರ್ರು. ಎಂಗಾದ್ರೂ ಮಾಡಿ ನಿಮ್ ಸ್ಕೂಲ್ಗೆ ಸೇರಿಸ್ಕೊಳಿ. ಒತ್ತಾರೆ ಎದ್ದು ಪೇಪರ್ ಇಡ್ಕೊಂಡ್ ಕೂತ್ರೆ ಏಳಾದೇ ಇಲ್ಲ.”

ಯಜಮಾನರು ವಾರ್ಡ್ ಕಚೇರಿಯಲ್ಲಿ ಗುಮಾಸ್ತರು. ಅವರು ಪೂಜೆಯ ಮುಂದೆ ಕೈ ಮುಗಿದು, ಕನ್ನಡಕ ಏರಿಸಿ ಬ್ಯಾಟುಗಳನ್ನು ಪರಿಶೀಲಿಸಿದರು. “ಸೇರೋದು ಆಮೇಲೆ. ವಾಸದ ಮನೇಲಿ ಕೋಚಿಂಗ್ ಸೆಂಟರ್ ನಡಿಸೋಕೆ ಲೈಸೆನ್ಸ್ ಬೇಕಾಗುತ್ತೆ. ತಗೊಂಡಿದ್ದೀರಾ?”

“ಸಾರ್, ಸೆಂಟರೇ ಇಲ್ಲ…”

“ಇಲ್ಲದೇ ಇರೋದಕ್ಕೆ ಲೈಸೆನ್ಸ್ ಇಲ್ಲ ಅನ್ನೋದು ಸರಿ. ಆದ್ರೆ ಇರೋದು ಕಾಣ್ತಾ ಇದ್ಯಲ್ಲ.”

“ಏ ಸುಮ್ನಿರಿ ನೀವು!” ಅಂದರು ಮುನಿಕೃಷ್ಣಮ್ಮ. “ಸೇರ್ಕೊಳೋ ಮುಂಚೇನೇ ಮೇಷ್ಟ್ರ ಜೊತೆ ಜಗಳ ಮಾಡ್ತಾವ್ರೆ. ಫೀಸ್ ಎಷ್ಟು ಅಂತ ಕೇಳ್ರೀ ಮೊದ್ಲು.”

ಶರಣವ್ವನವರು ಒಳಗಿನಿಂದ ಹೋಳಿಗೆ ತಟ್ಟೆ ತಂದರು. “ಮೊದಲನೇ ತಿಂಗಳು ಫೀಸ್ ಇಲ್ರೀ. ಅಳಿಯಂದ್ರು ಜಿಲ್ಲಾ ಮಟ್ಟ ಆಡಿದವ್ರು.”

ಮೇಷ್ಟ್ರು ಗೋಡೆಗೆ ಒರಗಿದರು.

ಮುನಿಕೃಷ್ಣಮ್ಮ ಮನೆಗೆ ಹೋದದ್ದು ನೇರ ದಾರಿಯಲ್ಲಲ್ಲ, ಆನಂದಪ್ಪನವರ ಮನೆಯ ಮುಂದಿನ ದಾರಿಯಲ್ಲಿ. ಸ್ವಲ್ಪ ಹೊತ್ತಿಗೆ, ಹ್ಯಾಂಡಲಿಗೆ ಚೆಂಡುಹೂವಿನ ಹಾರ ಹಾಕಿದ ಬೈಕು ಗೇಟಿನ ಮುಂದೆ ನಿಂತಿತು.

“ಏನ್ ಗುರು, ಅಕಾಡೆಮಿ ಅಂತೆ? ನಮ್ ಕೋರ್ಟ್‌ಗೇ ಬೆಳಿಗ್ಗೆ ಬ್ಯಾಚ್ ಹಾಕ್ತೀಯಂತೆ? ನಾನ್ ಎಲ್ಲಿ ಆಡ್ಲಿ, ಟೆರೇಸ್ ಮೇಲಾ?” ಎನ್ನುತ್ತಾ ಒಳಗೆ ಬಂದ ಆನಂದಪ್ಪನವರು ದೇವರ ಕಡೆ ನೋಡಿ ಥಟ್ಟನೆ ಚಪ್ಪಲಿ ಬಿಟ್ಟರು. “ಇದು ನನ್ ಬ್ಯಾಟಲ್ವಾ?”

“ನಿಮ್ದ ರೀ. ಕುತ್ಕೋರಿ, ಹೋಳಿಗೆ…”

“ಪಕ್ಕದ್ದು ಯಾರ್ದು?”

“ನಂದು,” ಅಂದರು ಬಾಗಿಲಲ್ಲಿ ನಿಂತಿದ್ದ ಶಿವರಾಮ್. ಮುನಿಕೃಷ್ಣಮ್ಮನವರ ದಾರಿ ಹಾಲಿನ ಬೂತನ್ನೂ ಮುಟ್ಟಿತ್ತು.

“ಇನ್ನೊಂದು ನಂದು,” ಅಂದರು ಅವರ ಹಿಂದೆ ಗಜಾಲಾ ಮೇಡಂ.

ಮೂರು ಕುಕ್ಕರುಗಳೂ ಕೊನೆಗೆ ಭೇಟಿಯಾಗಿದ್ದವು.

“ನಂದೇ ಬೆಸ್ಟು, ಅದನ್ನೇ ತಗೊಳ್ತೀನಿ ಅಂದಿದ್ದೆ ಗುರು ನೀನು!”

“ನನಗೂ ಅದೇ ಅಂದ್ರಲ್ಲ ಸಾರ್! ನಾನು ಹಾಲಿನ ಕ್ಯೂ ಬಿಟ್ಟು ಮೂರು ವಿಡಿಯೋ ತೋರಿಸಿದೀನಿ!”

“ನನಗೆ, ‘ಇಂಥಾದ್ದು ಕೈಯಾಗ ಹಿಡದಿಲ್ಲ ಮೇಡಂ’ ಅಂದ್ರಿ. ಯಾವುದು ನಿಜ ಫಕೀರಪ್ಪನೋರೆ?”

“ಮೂರೂ ನಿಜರೀ,” ಅಂದರು ಫಕೀರಪ್ಪ ಬೆವರು ಒರೆಸುತ್ತಾ. “ಒಂದನ್ನ ಹಿಡಿದಾಗ ಇನ್ನೆರಡು ಕೈಯಾಗ ಇರಲಿಲ್ಲ ನೋಡ್ರಿ.”

ಇದು ತಪ್ಪೊಪ್ಪಿಗೆಯೋ ತತ್ತ್ವವೋ ಮೂವರಿಗೂ ತಿಳಿಯಲಿಲ್ಲ.

ಅಳಿಯ ತಂದದ್ದು ಮಂದಿಯ ಬ್ಯಾಟು ಎಂದು ಶರಣವ್ವನವರಿಗೆ ಗೊತ್ತಾದದ್ದು ಹೀಗೆ. “ಹಂಗಾದ್ರ ಇನ್ನೂ ಛಲೋ ಆತು. ಮೂರು ಮನಿ ಪೂಜಿ ಒಂದ ಮಂಗಳಾರತಿಯಾಗ ಮುಗೀತು. ಸಾಲಿ ಇಲ್ಲ ಅಂತ ರಾಣೆಬೆನ್ನೂರಿಗೆ ಮಾತ್ರ ತಿಳೀಬಾರದು, ಅಷ್ಟ.”

“ಅಮ್ಮಾ, ನಾಳೆ ಬೆಳಿಗ್ಗೆ ಮ್ಯಾಚು. ಈಗ್ಲೇ ಕೊಟ್ಬಿಡಿ,” ಅಂದರು ಆನಂದಪ್ಪ. “ನಮ್ಮಲ್ಲಿ ಪೂಜೆ ಆದ್ಮೇಲೆ ನಿಂಬೆಹಣ್ಣು ಅತ್ತಿಸಿ ಅಂಗೇ ಗಾಡಿ ಓಡಿಸ್ಕೊಂಡು ಓಯ್ತೀವಿ.”

“ನಿಮ್ಮ ಗಾಡಿ ಓಡಲಿ. ನಮ್ಮ ಖಂಡೇ ಕುಂತದ. ಬನ್ನಿ ಆಗೋತನಕ ಏಳಂಗಿಲ್ಲ.”

ಶಿವರಾಮ್ ಬ್ಯಾಂಕಿನ ಧ್ವನಿಯಲ್ಲಿ ವಿನಯವಾಗಿ ಕೇಳಿದರು. ಆಗಲಿಲ್ಲ. ಆನಂದಪ್ಪ ಎರಡು ಹೋಳಿಗೆ ತಿಂದು ಮತ್ತೆ ಕೇಳಿದರು. ಹೋಳಿಗೆ ಇನ್ನೊಂದು ಸಿಕ್ಕಿತು, ಬ್ಯಾಟು ಸಿಗಲಿಲ್ಲ. “ಯಲಹಂಕದವ್ರಿಗೆ ಫೋನ್ ಮಾಡಿ ಸೋತ್ವಿ ಅಂತ ಏಳ್ಬಿಡೋಣ,” ಅಂದರು, ಸೆರಗಿಲ್ಲದ್ದಕ್ಕೆ ಟವೆಲಿನಿಂದ ಕಣ್ಣು ಒರೆಸಿಕೊಂಡು.

“ಹಾಗೇ ನಮ್ಮ ಷಡ್ಡಕರಿಗೂ ಒಂದು ಫೋನ್ ಮಾಡ್ತೀನಿ,” ಅಂದರು ಶಿವರಾಮ್, ಫಕೀರಪ್ಪನವರನ್ನೇ ನೋಡುತ್ತಾ. “ಅವರ ಮನೇಲಿ ಯಾರೂ ಪೂಜೆಗೆ ಇಟ್ಟಿರಲ್ಲ.”

ಫಕೀರಪ್ಪನವರ ಮುಖ ಕೋರ್ಟಿನ ಸಿಮೆಂಟಿನ ಬಣ್ಣಕ್ಕೆ ತಿರುಗಿತು.

ಅಷ್ಟರಲ್ಲಿ ಗಜಾಲಾ ಮೇಡಂ ಶರಣವ್ವನವರ ಪಕ್ಕ ನೆಲದ ಮೇಲೆ ಕೂತರು. “ಅಮ್ಮಾ, ನಮ್ಮ ಲ್ಯಾಬಲ್ಲೂ ನಿನ್ನೇನೇ ಪೂಜೆ ಆಯ್ತು, ನನ್ನ ಮೈಕ್ರೋಸ್ಕೋಪಿಗೂ ಕುಂಕುಮ ಇಟ್ಟಿದ್ದಾರೆ. ನನಗೇನೂ ಅವಸರ ಇಲ್ಲ. ಒಂದೇ ಡೌಟು. ಬನ್ನಿ ಕೊಡೋದು ಸಂಜೆಗೇ ಆಗ್ಬೇಕಾ?”

ಶರಣವ್ವ ಬೆರಳು ಮಡಿಚಿ ಎಣಿಸಿದರು. “ಸಂಜೀಕೇ ಆಗಬೇಕಂತ ಏನಿಲ್ಲವಾ. ದಶಮಿ ಇರಬೇಕು, ಬನ್ನಿ ಗಿಡ ಇರಬೇಕು. ಈ ಊರಾಗ ಬನ್ನಿ ಗಿಡ ಎಲ್ಲಿ ಬರಬೇಕು?”

“ಐತೆ!” ಆನಂದಪ್ಪ ಎದ್ದು ನಿಂತರು. “ಹಳೇ ಯಲಹಂಕದಲ್ಲಿ, ನಮ್ಮಜ್ಜಿ ಮನೆ ಹಿಂದಿನ ಗುಡಿ ತಾವ!”

ವಿಜಯದಶಮಿಯ ಮುಂಜಾನೆ ವಿದ್ಯಾರಣ್ಯಪುರದಿಂದ ಹೊರಟ ಆ ಮೆರವಣಿಗೆಯನ್ನು ನೋಡಿದವರು ಬಹುಕಾಲ ಮರೆಯಲಾರರು. ಮುಂದೆ ಆನಂದಪ್ಪನವರ ಬೈಕು. ಹಿಂದೆ ಶಿವರಾಮ್ ಕಾರು. ಅದರಲ್ಲಿ ಗಜಾಲಾ ಮೇಡಂ ಮತ್ತು ಶರಣವ್ವ, ಶರಣವ್ವನವರ ತೊಡೆಯ ಮೇಲೆ ಮಣೆ, ಮಣೆಯ ಮೇಲೆ ಈಳಿಗೆ, ಜಾರು, ಬ್ಯಾಟು ಸಮೇತ ಪೂರಾ ಪೂಜೆ. ಎತ್ತುವ ಹಾಗಿಲ್ಲ, ಮಣೆ ಸಮೇತ ಹೋಗಬಹುದೆಂದು ಅವರೇ ತೀರ್ಮಾನಿಸಿದ್ದರು. ಕಾರಿನ ಹಿಂದೆ ಸ್ಕೂಟರಿನಲ್ಲಿ ಫಕೀರಪ್ಪ ಬರಬೇಕಿತ್ತು. ಕೀಲಿ ಮಣೆಯ ಮೇಲಿದ್ದುದರಿಂದ ಬಸ್ಸಿನಲ್ಲಿ ಬಂದರು.

ಅವರು ತಲುಪುವ ಹೊತ್ತಿಗೆ ಗಿಡದ ಪೂಜೆ ಮುಗಿದಿತ್ತು. ಶರಣವ್ವ ಎಲ್ಲರ ಕೈಗೂ ಎಲೆ ಕೊಟ್ಟು “ಬನ್ನಿ ತಗೊಂಡು ಬಂಗಾರದಂಗ ಇರೋಣು” ಅಂದರು. ಗಜಾಲಾ ಮೇಡಂ ಅದನ್ನೇ ತಿರುಗಿ ಹೇಳಿ ಅವರ ಕೈಗೂ ಎಲೆ ಕೊಟ್ಟಾಗ ಶರಣವ್ವನವರಿಗೆ ಬಹಳ ಖುಷಿಯಾಯಿತು. ಅದೇ ಖುಷಿಯಲ್ಲಿ ಬ್ಯಾಟುಗಳನ್ನು ಎತ್ತಿ ಎತ್ತಿ ಸಿಕ್ಕವರಿಗೆ ಕೊಟ್ಟರು. ಹಗುರದ್ದು ಆನಂದಪ್ಪನವರಿಗೆ, ಕೊಡಲಿ ಶಿವರಾಮ್ ಅವರಿಗೆ, ಪಕ್ಕಾ ಬ್ಯಾಲೆನ್ಸಿನದು ಮೇಡಂಗೆ.

“ಅಮ್ಮಾ, ಇದು ಅದಲು ಬದಲು…”

“ದೇವರ ಮುಂದಿಂದ ಕೈಗೆ ಬಂದದ್ದನ್ನ ಬದಲಿ ಮಾಡಬ್ಯಾಡ್ರಿ. ಇವತ್ತೊಂದಿನ ಅದ ಇರಲಿ.”

ಅವರೊಂದಿಗೆ ವಾದ ಮಾಡಿ ಗೆದ್ದವರು ಅಲ್ಲಿ ಯಾರೂ ಇರಲಿಲ್ಲ.

“ನಿಮ್ಮ ಬ್ಯಾಟೆಲ್ಲಿ ಫಕೀರಪ್ಪನೋರೆ?” ಅಂದರು ಮೇಡಂ. “ಹತ್ತು ಗಂಟೆಗೆ ನಾಲ್ಕು ಜನ, ನಾಲ್ಕು ಬ್ಯಾಟು. ಇಲ್ಲಾಂದ್ರೆ ಹಣೆಪಟ್ಟಿ.”

ಫಕೀರಪ್ಪನವರು ನ್ಯೂ ಟೌನಿಗೆ ಓಡಿದರು. ಅಂಗಡಿಯವನು ಆಗಷ್ಟೇ ಷಟರ್ ಎತ್ತಿ ಊದಿನಕಡ್ಡಿ ಹಚ್ಚುತ್ತಿದ್ದ.

“ಓ ಸಾರ್! ಎಲ್ರದ್ದೂ ಆಡಿ ನೋಡಿದ್ರಾ? ಯಾವ್ದು ಕೊಡ್ಲಿ?”

“ವಿದ್ಯಾರಣ್ಯಪುರದಾಗ ಯಾರ ಹತ್ರಾನೂ ಇಲ್ಲದ್ದು ಕೊಡು.”

“ಯಾರ್ ಹತ್ರಾನೂ ಇಲ್ಲ ಅಂದ್ರೆ… ಅದ್ನ ಯಾರೂ ಕೇಳಲ್ಲ ಅಂತ ಸಾರ್.”

“ಅದ ಬೇಕು. ಎರಡು ಸಾವಿರದ ಒಳಗ.”

ಅಂಗಡಿಯವನು ಸ್ಟೂಲು ಹತ್ತಿ, ಮೇಲಿನ ಅಟ್ಟದಿಂದ ಧೂಳು ಹೊಡೆದು ಒಂದನ್ನು ಇಳಿಸಿದ. ಹಸಿರು ಬಣ್ಣ, ಯಾರೂ ಕೇಳಿರದ ಹೆಸರು. ಫಕೀರಪ್ಪನವರು ತಟ್ಟಿಯೂ ನೋಡದೆ ಆಟೋ ಹತ್ತಿದರು.

ಮ್ಯಾಚಿನ ವರದಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಇಬ್ಬಿಬ್ಬರಂತೆ ಎರಡು ಆಟ. ಆನಂದಪ್ಪನವರು ಅಭ್ಯಾಸಬಲದಿಂದ ಕೊಡಲಿಯ ಹಾಗೆ ಬೀಸಿದರು. ಆದರೆ ಕೈಯಲ್ಲಿದ್ದದ್ದು ಹಗುರದ್ದು. ಸ್ಮ್ಯಾಶ್ ಬರುತ್ತದೆಂದು ಯಲಹಂಕದವರು ಹಿಂದೆ ಹಿಂದೆ ಹೋಗಿ ನಿಂತರೆ ಕಾಕು ಮೆತ್ತಗೆ ಬಲೆಯ ಬುಡದಲ್ಲಿ ಬೀಳುತ್ತಿತ್ತು. ಸದಾ ಸೂಕ್ಷ್ಮವಾಗಿ ತಟ್ಟುತ್ತಿದ್ದ ಶಿವರಾಮ್ ಅವರನ್ನು ಆ ಕೊಡಲಿ ಎಳೆದುಕೊಂಡು ಹೋಗಿ ಸ್ಮ್ಯಾಶ್ ಮಾಡಿಸಿತು. ಆ ಜೋಡಿ ಗೆದ್ದಿತು.

ಮೇಡಂ ಹೊಡೆದಾಗಲೆಲ್ಲ ದಾರದ ಅರಿಶಿನ ಹಾರಿ ಕಾಕು ಹಳದಿಯಾಯಿತು. “ಇದು ರೂಲ್ಸಲ್ಲಿಲ್ಲ!” ಎಂದು ಯಲಹಂಕದವರು ಕೂಗಿದರು. “ಇಲ್ಲಾ ಅಂತಾನೂ ರೂಲ್ಸಲ್ಲಿಲ್ಲ,” ಅಂದರು ಕಟ್ಟೆಯ ಮೇಲೆ ಹೆಂಡತಿಯ ಕಾವಲಿನಲ್ಲಿ ಕೂತಿದ್ದ ವಾರ್ಡ್ ಕಚೇರಿಯವರು. ಮೇಡಂ ಜೊತೆಗಾರರಾದ ಫಕೀರಪ್ಪನವರ ಕೈಯಿಂದ ಬ್ಯಾಟು ಎರಡು ಸಲ ಜಾರಿತು. ಒಮ್ಮೆ ಮಲ್ಲಿಗೆ ಪೊದೆಗೆ, ಇನ್ನೊಮ್ಮೆ ಬಲೆ ದಾಟಿ ಎದುರಾಳಿಯ ಕಾಲ ಬುಡಕ್ಕೆ, ಕಾಕಿಗಿಂತ ಮೊದಲೇ. ಅವರಿಬ್ಬರೂ ಸೋತರು. ಒಂದು ಗೆಲುವು, ಒಂದು ಸೋಲು. ವಿದ್ಯಾರಣ್ಯಪುರದ ಚರಿತ್ರೆಯಲ್ಲಿ ಸಮ ಆಗಿದ್ದೂ ಗೆಲುವೇ.

ಯಲಹಂಕದವರು ಹೋದ ಮೇಲೆ ಕಟ್ಟೆಯ ಬಳಿ ಹೊಸ ಗಲಾಟೆ ಶುರುವಾಯಿತು.

“ಮೇಡಂ, ನಿಮ್ ಬ್ಯಾಟ್ ವಾಪಸ್ ಕೊಡಲ್ಲ ನಾನು. ಇದೇ ಬೆಸ್ಟು. ಭುಜಾನೇ ನೋಯ್ತಿಲ್ಲ!”

“ನಿಮ್ಮದು ನನಗಿರಲಿ ಆನಂದಪ್ಪನೋರೆ. ಆ ವಿಡಿಯೋದವರು ಸುಳ್ಳು ಹೇಳ್ತಾರೆ.”

“ಇಬ್ರೂ ತಪ್ಪು. ಶಿವರಾಮ್ ಅವರ ಬ್ಯಾಲೆನ್ಸೇ ಬ್ಯಾಲೆನ್ಸು.”

ನಿನ್ನೆಯವರೆಗೆ ಖಚಿತವಾಗಿದ್ದ ಮೂವರು ಇವತ್ತು ಬೇರೆ ಬೇರೆ ಕಡೆಗೆ ಖಚಿತವಾಗಿದ್ದರು. ಕೊನೆಗೆ ಗಜಾಲಾ ಮೇಡಂ ಫಕೀರಪ್ಪನವರ ಕಡೆ ತಿರುಗಿದರು. “ಮೂರನ್ನೂ ಆಡಿ ನೋಡಿದೋರು ನೀವೊಬ್ರೇ. ಹೇಳಿ, ಯಾವುದು ಬೆಸ್ಟು? ‘ಮೂರೂ’ ಅಂತೇನಾದ್ರೂ ಅಂದ್ರೆ, ನಾಳೆಯಿಂದ ನೀವು ಪಾರ್ಕಲ್ಲಿ ಸುತ್ತೋದೇ.”

ಫಕೀರಪ್ಪನವರು ಆನಂದಪ್ಪನವರ ಮುಖ ನೋಡಿದರು. ಶಿವರಾಮ್ ಮುಖ ನೋಡಿದರು. ಮೇಡಂ ಮುಖ ನೋಡುವ ಧೈರ್ಯವಾಗದೆ ಕೆಳಗೆ ನೋಡಿದರು. ಅಲ್ಲಿ ಹಸಿರು ಬ್ಯಾಟಿತ್ತು.

“ನಂದು,” ಅಂದರು.

ಆ ಬ್ಯಾಟನ್ನು ಅವರಲ್ಲಿ ಯಾರೂ ಹಿಡಿದಿರಲಿಲ್ಲ, ವಿಡಿಯೋದಲ್ಲೂ ಕಂಡಿರಲಿಲ್ಲ.

“ಎಲ್ಲಿ ಕೊಡಿ,” ಎಂದು ಮೇಡಂ ಅದನ್ನು ಕೈಗೆ ತೆಗೆದುಕೊಂಡರು. ತೂಗಿದರು, ಗಾಳಿಯಲ್ಲಿ ಬೀಸಿದರು. ಮೇಡಂ ಹಿಡಿಯನ್ನು ಕಣ್ಣ ಹತ್ತಿರ ತಂದು, ಉಗುರಿನಿಂದ ಮೆಲ್ಲಗೆ ಕೆರೆದರು.

“ಫಕೀರಪ್ಪನೋರೆ, ಹಿಡಿ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದೇ ಇಲ್ವಲ್ರೀ? ಇಡೀ ಮ್ಯಾಚ್ ಇದ್ರಲ್ಲೇ ಆಡಿದ್ರಾ?”

“ತಗೀಬೇಕಿತ್ತೇನ್ರಿ ಅದನ್ನ?”

ಆನಂದಪ್ಪನವರು ಕಟ್ಟೆಯ ಮೇಲೆ ಉರುಳಿ ನಕ್ಕರು. ಶಿವರಾಮ್ ಮೊಬೈಲು ತೆಗೆದು ಕವರಿನ ಫೋಟೋ ಹಿಡಿದುಕೊಂಡರು. ಗಜಾಲಾ ಮೇಡಂ ಮಾತ್ರ ನಗಲಿಲ್ಲ. ಬ್ಯಾಟನ್ನು ಎರಡೂ ಕೈಯಲ್ಲಿ ಹಿಡಿದು, ಶರಣವ್ವನವರ ಹಾಗೆಯೇ, ಫಕೀರಪ್ಪನವರ ಕೈಗೆ ಕೊಟ್ಟರು.

“ನಾಳೆ ತೆಗೆದ್ಬಿಟ್ಟು ಬನ್ನಿ,” ಅಂದರು. “ಆರು ಗಂಟೆಗೆ. ಲೇಟ್ ಮಾಡ್ಬೇಡಿ.”